ತಂಬಿಗೆ ಹಿಡಿದು ಹೋದ ಬೈಠಕ್

ಅದು ೧೯೪೪ನೇ ಇಸವಿ. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಾನು ಸ್ಟೇಷನ್ ಕಡೆಯ ಒಂದು ಹತ್ತಿ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದೆ. ಸಂಜೆ ಗಿರಣಿಯ ಭೋಂಗಾ ಕೂಗಿತೆಂದರೆ ನನ್ನ ಕಾಲುಗಳು ತಾವಾಗಿಯೇ ಈಚಲ ಹೆಂಡ ಮಾರುವ ಸೇಂದಿ ಅಂಗಡಿಯ ದಾರಿ ಹಿಡಿಯುತ್ತಿದ್ದವು. ಮೊದಮೊದಲು ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. ಕೊನೆಗೆ ಬೆಳಿಗ್ಗೆ ಎರಡು ಗುಟುಕು ಬೀಳದಿದ್ದರೆ ಎಣ್ಣೆ ಡಬ್ಬಿಯನ್ನೂ ನೆಟ್ಟಗೆ ಹಿಡಿಯಲಾಗದಷ್ಟು ಕೈ ನಡುಗತೊಡಗಿತು.

ಒಂದು ಸಂಜೆ ಎರಡು ವರ್ಷದ ಮಗಳು ಗಂಗಾಳನ್ನು ಎತ್ತಿಕೊಳ್ಳಲು ಹೋಗಿ ಕೆಳಗೆ ಬೀಳಿಸಿಬಿಟ್ಟೆ. ಹೊಸ್ತಿಲಿಗೆ ಬಡಿದು ಮಗುವಿನ ಹಣೆ ಒಡೆಯಿತು. ಹೆಂಡತಿ ಶಾಂತವ್ವ ಜಗಳವಾಡಲಿಲ್ಲ. ಬೆಳಗಾಗುತ್ತಲೇ ಮಗುವನ್ನು ಕಟ್ಟಿಕೊಂಡು ತವರೂರು ಚೀಕಲಪರ್ವಿಗೆ ಹೊರಟು ನಿಂತಳು.

"ನಿಮ್ಮ ಕೈ ನಡಗೂದು ನಿಂತ ಮ್ಯಾಲ ಕರಿಯಾಕ ಬರ್ರಿ. ಅಲ್ಲೀಮಟ ಈ ಕೂಸಿನ್ನ ನಿಮ್ಮ ಕೈಗೆ ಕೊಡಂಗಿಲ್ಲ" ಎಂದಳು.

ಇನ್ನು ಕುಡಿಯುವುದಿಲ್ಲವೆಂದು ಮೂರು ಸಲ ದೇವರ ಮುಂದೆ ಆಣೆ ಮಾಡಿದೆ, ಮೂರು ಸಲವೂ ಮುರಿದೆ. ಆಣೆ ಮಾಡುವುದರಲ್ಲಿ ನನ್ನಷ್ಟು ಪಳಗಿದವರು ಇಡೀ ರಾಯಚೂರಿನಲ್ಲೇ ಇರಲಿಲ್ಲವೆನ್ನಿ!

ಅಂಥ ದಿನಗಳಲ್ಲೇ ಗಿರಣಿಯ ಹಮಾಲ ಭೀಮಣ್ಣ ಹತ್ತಿರ ಬಂದ. ದೇವದುರ್ಗದ ಕಡೆಯವನು, ನನಗಿಂತ ಹದಿನೈದು ವರ್ಷ ಹಿರಿಯ. "ಸಂಜಿಗೆ ನಮ್ಮ ಮನ್ಯಾಗ ಬೈಠಕ್ ಅದರೀ. ಬರ್ರಿ. ಬರೂಮುಂದ ನಿಮ್ಮ ತಂಬಿಗಿ ತರ್ರಿ" ಎಂದ.

ನಮ್ಮ ಗೆಳೆಯರ ಬಾಯಲ್ಲಿ ಬೈಠಕ್ ಎಂದರೆ ಒಂದೇ ಅರ್ಥ: ನಡುವೆ ಸೇಂದಿಯ ಗಡಿಗೆ, ಸುತ್ತ ನಾವು. ಮನೆಯಲ್ಲಿದ್ದ ದೊಡ್ಡ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಖುಷಿಯಿಂದ ಹೋದೆ.

ಹೋಗಿ ನೋಡಿದರೆ ಎಂಟು ಜನ ಮೀಸೆ ಹೊತ್ತ ಗಂಡಸರು ಧೋತರ ಮೇಲಕ್ಕೆ ಸರಿಸಿಕೊಂಡು, ತೊಡೆಯ ಮೇಲೆ ದೀಪದ ಬತ್ತಿ ಹೊಸೆಯುತ್ತಿದ್ದಾರೆ! ಮನೆ ತಪ್ಪಿ ಬಂದೆನೇ ಎಂದುಕೊಂಡೆ. ಆದರೂ ಆಸೆ ಬಿಡದೆ ತಂಬಿಗೆ ಮುಂದೆ ಹಿಡಿದೆ. ಭೀಮಣ್ಣ ಅದರ ತುಂಬ ಏನನ್ನೋ ಸುರಿದ.

"ಇದೇನ್ರೀ?"

"ಮಜ್ಜಿಗಿ. ಒಗ್ಗರಣಿ ಕೊಟ್ಟೀನಿ, ಕುಡೀರಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾನ್ವಿಯ ಆಚಾರರ ಮನೆತನದ ಮಾಸ್ತರರೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಸಿಟ್ಟಾಗಬ್ಯಾಡ್ರಿ. ನಾನೂ ಹಿಂಗ ತಂಬಿಗಿ ಹಿಡಕೊಂಡು ಬಂದು ಮೋಸ ಹೋದಾಂವನ" ಎಂದರು. ಅಲ್ಲಿದ್ದವರೆಲ್ಲ ಒಂದು ಕಾಲಕ್ಕೆ ಸೇಂದಿಗೆ ಮನೆ ಮಾರು ಕಳೆದುಕೊಂಡವರೇ.

ನನಗೆ ನಖಶಿಖಾಂತ ಉರಿಯಿತು. ಎದ್ದು ನಿಂತೆ.

"ಹೋಗ್ರಿ, ಯಾರೂ ಹಿಡಿಯಂಗಿಲ್ಲ. ಆದ್ರ ಒಂದ ಬತ್ತಿ ಹೊಸದು ಹೋಗ್ರಿ" ಎಂದು ಭೀಮಣ್ಣ ಹತ್ತಿಯ ಎಳೆ ಕೈಗಿಟ್ಟ.

ಅದೇನು ಮಹಾ ಎಂದು ಕುಳಿತೆ. ಕೈ ನಡುಗಿ ಎಳೆ ಎರಡು ಸಲ ತುಂಡಾಯಿತು. ಮೂರನೆಯದು ಕಂಬಳಿಹುಳದಂತೆ ಸೊಟ್ಟಗೆ ಬಂತು. ಈ ಸಲ ಒಬ್ಬರೂ ನಗಲಿಲ್ಲ. ನನಗೆ ಅಳು ಬಂತು.

"ಆಣಿ ಗೀಣಿ ಏನೂ ಬ್ಯಾಡ" ಎಂದ ಭೀಮಣ್ಣ. "ಭೋಂಗಾ ಆದಕೂಡ್ಲೆ ಇಲ್ಲಿಗೆ ಬರ್ರಿ. ಸೇಂದಿ ಅಂಗಡಿ ಬಾಗಲಾ ಹಾಕೂಮಟ ನಮ್ಮ ಜೋಡಿ ಬತ್ತಿ ಹೊಸೀರಿ. ಕೈಗೆ ಕೆಲಸ ಇದ್ರ ಅದು ಗಡಿಗಿ ಕಡಿ ಹೋಗಂಗಿಲ್ಲ."

ಹೊಸೆದ ಬತ್ತಿಗಳನ್ನು ಗುಡಿಗೂ ಓಣಿಯ ಮನೆಗಳಿಗೂ ಹಂಚುತ್ತಿದ್ದರು. ಆ ಓಣಿಯಲ್ಲಿ ಉರಿಯುತ್ತಿದ್ದ ದೀಪಗಳೆಲ್ಲ ಕುಡುಕರ ಕೈಯವು ಎಂದು ಮಾಸ್ತರರು ತಮಾಷೆ ಮಾಡುತ್ತಿದ್ದರು. ನನ್ನ ತಂಬಿಗೆ ಅಲ್ಲಿಯ ಗೂಡಿನಲ್ಲೇ ಉಳಿಯಿತು. ಎರಡನೇ ವಾರ ಒಂದು ಸಂಜೆ ಬೈಠಕ್ ತಪ್ಪಿಸಿ ಸೇಂದಿ ಅಂಗಡಿಗೆ ಹೋಗಿಬಿಟ್ಟೆ. ಮರುದಿನ ಭೀಮಣ್ಣ ಗಿರಣಿಯ ಬಾಗಿಲಲ್ಲಿ ಅದೇ ತಂಬಿಗೆ ಹಿಡಿದು ನಿಂತಿದ್ದ. "ನಿನ್ನಿ ಸಂಜಿಯಿಂದ ಇದು ನಿಮ್ಮ ಹಾದಿ ನೋಡಾಕತ್ತದ" ಎಂದ, ಅಷ್ಟೇ. ಅವನು ಬೈದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ ಅವನ ಹಿಂದೆ ನಡೆದೆ.

ಐದು ತಿಂಗಳಾದ ಮೇಲೆ ಒಂದು ಕಟ್ಟು ಬತ್ತಿ ಹೆಗಲಿಗೇರಿಸಿಕೊಂಡು ಚೀಕಲಪರ್ವಿಗೆ ಹೋದೆ. ಶಾಂತವ್ವ ಮಗುವನ್ನು ಸೊಂಟದಿಂದ ಇಳಿಸಲಿಲ್ಲ.

"ಯಾರ ಹೊಸದದ್ದು ಇವು?"

"ನಾನ."

ಹಿಂದೆ ನಿಂತಿದ್ದ ಮಾವ ಫಕ್ಕನೆ ನಕ್ಕ. ಅವಳು ನಗಲಿಲ್ಲ. ಒಳಗಿನಿಂದ ಹತ್ತಿ ತಂದು ಮುಂದಿಟ್ಟು, "ಹಂಗಾರ ನನ್ನ ಎದುರಿಗೆ ಒಂದ ಹೊಸೀರಿ" ಎಂದಳು.

ಕಟ್ಟೆಯ ಮೇಲೆ ಕುಳಿತೆ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಕೈ ನಡುಗಿ ಎಳೆ ತುಂಡಾಯಿತು.

"ಇದು ಸೇಂದಿ ನಡುಕಲ್ಲ ಶಾಂತವ್ವ, ನಿನ್ನ ಅಂಜಿಕಿ" ಎಂದೆ.

ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. ಎರಡನೇ ಬತ್ತಿ ಎಲ್ಲೂ ಗಂಟಿಲ್ಲದೆ ನೇರವಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ನೋಡಿದಳು. ಆಮೇಲೆ ಗಂಗಾಳನ್ನು ನನ್ನ ಕೈಗೆ ಕೊಟ್ಟಳು.

ಈಗ ಭೀಮಣ್ಣ ಇಲ್ಲ, ಶಾಂತವ್ವನೂ ಇಲ್ಲ. ಸಂಜೆಯಾಯಿತೆಂದರೆ ನನ್ನ ಕೈ ಇಂದಿಗೂ ಹತ್ತಿಯನ್ನೇ ಹುಡುಕುತ್ತದೆ. ವಯಸ್ಸಾಗಿ ಅದು ಮತ್ತೆ ನಡುಗತೊಡಗಿದೆ. ಹೋದ ತಿಂಗಳು ಗಂಗಾ ತನ್ನ ಮೊಮ್ಮಗನನ್ನು ಕರೆತಂದಿದ್ದಳು. ಅವಳ ಹಣೆಯ ಮೇಲಿನ ಆ ಗಾಯದ ಕಲೆ ಕುಂಕುಮದ ಪಕ್ಕದಲ್ಲಿ ಹಾಗೆಯೇ ಇದೆ. ಕೂಸನ್ನು ಎತ್ತಿಕೊಳ್ಳಲು ನಾನು ಹಿಂದೆಗೆದೆ.

"ಯಪ್ಪಾ, ಅಂಜಬ್ಯಾಡ, ಹಿಡಕೋ" ಎಂದು ಅವಳೇ ಅದನ್ನು ನನ್ನ ಎರಡೂ ಕೈಯಲ್ಲಿಟ್ಟಳು.