ನಿಂತ ಮಿಷನ್ನಿಗೆ ಎತ್ತಿದ ಆರತಿ

ಹೊಸೂರಿನಲ್ಲಿ ನನಗೊಂದು ಬಾಡಿಗೆ ಮನೆ ಸಿಗುವ ಮೊದಲೇ, ಮನೆ ಹಿಡಿದು ಕುಳಿತಿದ್ದ ಜೀವಕೋಶಗಳನ್ನು ನೋಡಿದೆ. ಲಸಿಕೆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ದಿನ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟು ನೋಡಲು ಹೇಳಿದರು. ಚಿರೋಟಿ ರವೆಯಷ್ಟು ಸಣ್ಣ ಮಣಿಗಳು, ಅವುಗಳ ಮೈತುಂಬ ಅಂಟಿಕೊಂಡ ಜೀವಕೋಶಗಳು. ಎಂದೋ ಸತ್ತ ಯಾವುದೋ ಮಂಗದ ಮೂತ್ರಪಿಂಡದಿಂದ ಬಂದ ವಂಶವಂತೆ. ಮಂಗ ಹೋದರೂ ಇವು ಮಾತ್ರ ಮತ್ತಿಗಿರಿ ಪಕ್ಕದ ಒಂದು ಶೆಡ್ಡಿನಲ್ಲಿ ಸುಖವಾಗಿ ಸಂಸಾರ ಮಾಡುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ಎಂಎಸ್ಸಿಯಲ್ಲಿ ಇದನ್ನೆಲ್ಲ ಓದಿ ಪಾಸಾಗಿದ್ದೆ, ಕಣ್ಣಾರೆ ನೋಡಿರಲಿಲ್ಲ.

ಮನೆ ಹುಡುಕಲು ಹೊರಟಾಗ ಒಂದು ತಮಿಳು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ: 'ವೀಡು ವಾಡಗೈಕ್ಕು ಇರುಕ್ಕಾ?' ಮನೆ ಬಾಡಿಗೆಗಿದೆಯೇ ಎಂದರ್ಥ. ಮತ್ತಿಗಿರಿಯ ಒಂದು ಬಾಗಿಲಲ್ಲಿ ನಿಂತು ಒಪ್ಪಿಸಿದೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಹೆಂಗಸು ಮೊರ ಕೆಳಗಿಟ್ಟು, "ಯಾವೂರಮ್ಮ ನಿಂದು? ಸುಮ್ಕೆ ಕನ್ನಡದಾಗೆ ಮಾತಾಡು" ಎಂದರು. ಅವರೇ ಮುನಿಯಮ್ಮ, ಇಂದಿಗೂ ನನ್ನ ಮನೆಯ ಯಜಮಾನಿ. ಮಾತು ಮುಗಿಸುವುದರೊಳಗೆ ಸೊಸೆಯನ್ನು ತೆಲುಗಿನಲ್ಲಿ ಕರೆದು, ಗೇಟಿನಲ್ಲಿ ನಿಂತ ಹೂವಿನವನನ್ನು ತಮಿಳಿನಲ್ಲಿ ಸಾಗಹಾಕಿದರು. ಗಡಿ ದಾಟಿದೊಡನೆ ಕನ್ನಡ ಮುಗಿಯುತ್ತದೆ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ತಲೆಮಾರುಗಳಿಂದ ಇಲ್ಲೇ ಇರುವವರ ಮುಂದೆ, ಅವರದೇ ಮಾತನ್ನು ನಾನು ರಾಣೆಬೆನ್ನೂರಿನಿಂದ ಹೊತ್ತು ತಂದವಳಂತೆ ಬೀಗಿದ್ದೆ.

ನಮ್ಮ ಕಡೆ ಖಡಕ್ ರೊಟ್ಟಿ, ಇಲ್ಲಿ ಮುದ್ದೆ, ಬಸ್ಸಾರು. ನಮ್ಮ ಕಡೆ ಚೆನ್ನಾಗಿ ಅಗಿದು ತಿನ್ನು ಎಂದು ಬೆಳೆಸುತ್ತಾರೆ. ಮುದ್ದೆಯನ್ನು ಅಗಿದರೆ ಮುನಿಯಮ್ಮನ ಮೊಮ್ಮಕ್ಕಳು ಕೈತಟ್ಟಿ ನಗುತ್ತಿದ್ದರು. ನಮ್ಮ ಕಡೆ ಸಂಜೆಯಾದರೆ ಮಿರ್ಚಿ ಮಂಡಕ್ಕಿ, ಊರ ಸುದ್ದಿ. ಇಲ್ಲಿ ಸಂಜೆಯೆಂದರೆ ಶಿಫ್ಟು ಬಿಟ್ಟ ಬೈಕುಗಳ ಸಾಲು, ಯಾರಿಗೂ ಪುರುಸೊತ್ತಿಲ್ಲ. ಮುದ್ದೆ ನುಂಗುವುದನ್ನು ಕಲಿತ ದಿನ ಎಸ್‌ಟಿಡಿ ಬೂತಿಗೆ ಹೋಗಿ ಅವ್ವನಿಗೆ ಫೋನು ಮಾಡಿದೆ. "ಅದೇನ್ ದೊಡ್ಡ ಸಾಧನೆನವ್ವಾ, ನುಂಗೂದು?" ಎಂದಳು. ಅವಳಿಗೆ ಹೇಗೆ ಹೇಳುವುದು, ಆ ವಾರ ನನ್ನೊಡನೆ ನಕ್ಕವರೆಂದರೆ ಆ ಮಕ್ಕಳು ಮಾತ್ರ ಎಂದು.

ಕಂಪನಿಯಲ್ಲಿ ನಾವು ತಯಾರಿಸುತ್ತಿದ್ದದ್ದು ನಾಯಿ, ದನಗಳಿಗೆ ಹಾಕುವ ಲಸಿಕೆ. ಈ ಜೀವಕೋಶಗಳು ನೀರಿನಲ್ಲಿ ತೇಲುತ್ತ ಬದುಕುವ ಜಾತಿಯವಲ್ಲ. ಏನನ್ನಾದರೂ ತಬ್ಬಿಕೊಂಡೇ ಬೆಳೆಯಬೇಕು. ಅದಕ್ಕೇ ಆ ಮಣಿಗಳು. ಬಯೋರಿಯಾಕ್ಟರ್ ಎಂಬ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಪೋಷಕದ್ರವ ತುಂಬಿ, ಮಣಿ ಬಿಟ್ಟು, ಒಳಗಿನ ರೆಕ್ಕೆಯನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಜೋರಾದರೆ ಜೀವಕೋಶಗಳು ಕಿತ್ತು ಬರುತ್ತವೆ. ನಿಂತರೆ ಮಣಿಗಳು ತಳಕ್ಕಿಳಿದು ರಾಶಿಯಾಗಿ, ಅಡಿಯಲ್ಲಿದ್ದವಕ್ಕೆ ಉಸಿರು ಕಟ್ಟುತ್ತದೆ. ಮಣಿಗಳ ಮೈ ತುಂಬಿದ ಮೇಲೆ ಲಸಿಕೆಯ ವೈರಸ್ಸನ್ನು ಬಿಡುವುದು. ಅಲ್ಲಿಯವರೆಗೆ ಬಾಣಂತಿ ಮನೆಯ ಹಾಗೆ ಕಾಯಬೇಕು.

ನನ್ನ ಜೊತೆ ಕಾಯುತ್ತಿದ್ದವನು ನಾರಾಯಣಪ್ಪ, ಗುಮ್ಮಳಾಪುರದವನು. ಗುತ್ತಿಗೆಯ ಆಪರೇಟರ್. ದೀಪಾವಳಿ ಕಳೆದರೆ ಕಾಯಂ ಮಾಡುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅದನ್ನು ಅವನು ದಿನಕ್ಕೊಮ್ಮೆಯಾದರೂ ನೆನೆಯದೆ ಇರುತ್ತಿರಲಿಲ್ಲ.

ಆಯುಧಪೂಜೆ ಬಂತು. ಮ್ಯಾನೇಜರ್ ಹಬ್ಬಕ್ಕೆಂದು ಚೆನ್ನೈಗೆ ಹೋಗಿದ್ದರು. ನಾರಾಯಣಪ್ಪ ಹೊಸ ಅಂಗಿ ಹಾಕಿಕೊಂಡು, ಕುಂಕುಮದ ಬಟ್ಟಲು ಹಿಡಿದು ಬಂದ. "ಮೇಡಂ, ಎಲ್ಲಾ ಮಿಷಿನ್ಗೂ ಪೂಜೆ ಆಯ್ತದೆ, ನಮ್ದಕ್ಕೂ ಮಾಡ್ಬುಡಾನ. ಆದ್ರೆ ಓಡೋ ಮಿಷಿನ್ಗೆ ಆರ್ತಿ ಎತ್ತಬಾರ್ದು. ಒಂದ್ ಗಳಿಗೆ ನಿಲ್ಸಾನ."

ನನ್ನ ಅಪ್ಪನದು ಹಿಟ್ಟಿನ ಗಿರಣಿ. ಆಯುಧಪೂಜೆಯ ದಿನ ಬೆಲ್ಟು ಬಿಚ್ಚಿ, ಕಲ್ಲು ತೊಳೆದು, ಗಿರಣಿಗೆ ರಜೆ ಕೊಡುವುದನ್ನು ನೋಡುತ್ತ ಬೆಳೆದವಳು ನಾನು. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿ ಒಬ್ಬರು ನನ್ನನ್ನು ಹಬ್ಬಕ್ಕೆ ಸೇರಿಸಿಕೊಳ್ಳುತ್ತಿದ್ದರು. ಪೂಜಾರಿ ಗೇಟಿಗೆ ಬಂದಿದ್ದಾರೆಂದು ಸುದ್ದಿಯೂ ಬಂತು. ಸ್ವಲ್ಪ ಹೊತ್ತು ನಿಂತರೆ ಏನೂ ಆಗದು ಎಂದು ಲೆಕ್ಕ ಹಾಕಿ ಒಪ್ಪಿದೆ. ಅವನು ಮೋಟಾರು ನಿಲ್ಲಿಸಿದ. ಅಲಾರಂ ಕಿರುಚಬಾರದೆಂದು ಅದನ್ನು ನಾನೇ ಆರಿಸಿದೆ. ಪಾತ್ರೆಯಿದ್ದ ಕೋಣೆಯ ಗಾಜಿನ ಗೋಡೆಯ ಹೊರಗಿನ ಸ್ವಿಚ್ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಕಾದು ನಿಂತೆವು.

ಆ ದಿನ ಹೊಸೂರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಭಾವವಿರುವುದು ಪೂಜಾರಿಗಳದ್ದು. ಇಷ್ಟೊಂದು ಕಾರ್ಖಾನೆ, ಬೆರಳೆಣಿಕೆಯ ಪೂಜಾರಿಗಳು. ಒಬ್ಬೊಬ್ಬರು ಮೊಪೆಡ್ಡಿನಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಓಡುತ್ತಾರೆ. ನಮ್ಮಲ್ಲಿಗೆ ಬಂದವರು ಬಾಯ್ಲರಿಗೆ ಪೂಜೆ ಮಾಡಿದರು, ಜನರೇಟರಿಗೆ ಮಾಡಿದರು, ಬಸ್ಸುಗಳಿಗೆ ಮಾಡಿದರು, ಆಮೇಲೆ ಪಕ್ಕದ ಕಾರ್ಖಾನೆಯವರು ಕರೆದರೆಂದು ಹೊರಟೇ ಹೋದರು. ಈಗ ಬರುತ್ತಾರೆ, ಇನ್ನೇನು ಬಂದರು ಎನ್ನುತ್ತಲೇ ಹೊತ್ತು ನೆತ್ತಿಗೇರಿತು.

"ಐನೋರು ಬರೋ ಹಂಗೆ ಕಾಣ್ಸಲ್ಲ ಮೇಡಂ. ಆನ್ ಮಾಡ್ಬುಡ್ಲಾ?" ಎಂದ ನಾರಾಯಣಪ್ಪ.

"ಬ್ಯಾಡ ನಾರಾಯಣಪ್ಪ, ನಿಲ್ಲಿಸಿದ್ದನ್ನ ಪೂಜಿಗೆ ಮೊದಲ ಚಾಲೂ ಮಾಡಬಾರದು. ನಮ್ಮಪ್ಪ ಮಾಡಂಗಿಲ್ಲ" ಎಂದೆ.

ಹೌದು, ನಾನೇ ಹೇಳಿದೆ. ಮಣಿಗಳು ತಳ ಸೇರುವುದನ್ನು ಓದಿ ಬಲ್ಲವಳು, ಅವುಗಳ ಮೇಲೆ ಅಪ್ಪನ ಗಿರಣಿಯ ಕಟ್ಟಳೆ ಹೇರಿದೆ. ಕೊನೆಗೂ ಪೂಜಾರಿ ಬಂದರು, ಆರತಿಯಾಯಿತು, ಎಲ್ಲರೂ ಕಣ್ಣಿಗೊತ್ತಿಕೊಂಡರು. ಮೋಟಾರು ಚಾಲೂ ಮಾಡಿ ಒಂದು ಹನಿ ತೆಗೆದು ನೋಡಿದರೆ, ಮಣಿಗಳು ಗಂಟು ಗಂಟಾಗಿದ್ದವು. ಬೋಳು ಮಣಿಗಳ ಸುತ್ತ ಜೀವಕೋಶಗಳು ಹಾಲಿನ ಕೆನೆಯಂತೆ ಕಿತ್ತು ತೇಲುತ್ತಿದ್ದವು. ಪಾತ್ರೆಯಲ್ಲಿದ್ದುದನ್ನೆಲ್ಲ ಚೆಲ್ಲಬೇಕಾಯಿತು.

ಮ್ಯಾನೇಜರ್ ಬಂದ ಬೆಳಿಗ್ಗೆಯೇ ಅವರ ಕೋಣೆಗೆ ಹೋಗಿ, ನಿಲ್ಲಿಸಲು ಒಪ್ಪಿದ್ದೂ ನಾನು, ಮತ್ತೆ ಚಾಲೂ ಮಾಡಬೇಡವೆಂದದ್ದೂ ನಾನು ಎಂದು ಹೇಳಿದೆ. ಅವರು ನಕ್ಕರು. ಎಂಎಸ್ಸಿ ಮಾಡಿದವಳು ಹೀಗೆ ಮಾಡುತ್ತಾಳೆಂದರೆ ಯಾರು ನಂಬುತ್ತಾರೆ, ಆ ಹಳ್ಳಿಯವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ, ನಿನ್ನದು ಒಳ್ಳೆಯ ಮನಸ್ಸು ಎಂದರು. ಮತ್ತೊಮ್ಮೆ ಹೇಳಿದೆ. ಅವರು ಫೋನೆತ್ತಿಕೊಂಡರು. ಅವರ ಮಾತು ಮುಗಿಯುವವರೆಗೆ ನಿಂತು ಮತ್ತೆ ಹೇಳಬಹುದಿತ್ತು. ನಾನು ಹೊರಗೆ ಬಂದೆ. ಕಾರಿಡಾರಿನಲ್ಲಿ ನನಗಾದದ್ದು ನಿರಾಳ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಸಂಜೆಯೊಳಗೆ ಗುತ್ತಿಗೆದಾರ ನಾರಾಯಣಪ್ಪನಿಗೆ ನಾಳೆಯಿಂದ ಬರಬೇಡ ಎಂದಿದ್ದ.

ಭಾನುವಾರ ಗುಮ್ಮಳಾಪುರದ ಬಸ್ಸು ಹತ್ತಿದೆ. ಬೈದರೆ ಬೈಸಿಕೊಂಡು ಬರೋಣ, ಹಗುರವಾದೀತು ಎಂಬ ಸ್ವಾರ್ಥ. ಅವನು ಮನೆ ಮುಂದೆ ಹಗ್ಗ ಹೊಸೆಯುತ್ತ ಕುಳಿತಿದ್ದ. ಎದ್ದು ಚಾಪೆ ಹಾಸಿದ. ನಡೆದದ್ದನ್ನೆಲ್ಲ ಹೇಳಿದೆ.

"ನೀವು ಹೇಳಿದ್ರಿ, ಅವ್ರು ನಂಬ್ಲಿಲ್ಲ. ಅದ್ಕೆ ನೀವೇನ್ ಮಾಡಕ್ಕಾಯ್ತದೆ?" ಎಂದ. ಆಮೇಲೆ ದನಿ ತಗ್ಗಿಸಿ, "ಮನ್ಯಾಗೆ ಇನ್ನೂ ಹೇಳಿಲ್ಲ ಮೇಡಂ. ರಜ ಅಂದಿವ್ನಿ. ನೀವೂ ಹೇಳ್ಬ್ಯಾಡಿ" ಎಂದ.

ಅವನ ಹೆಂಡತಿ ಕಾಫಿ ತಂದು ಪಕ್ಕದಲ್ಲೇ ಕುಳಿತರು. ಕಾಯಂ ಆದರೆ ಮಗಳನ್ನು ಹೊಸೂರಿನ ಶಾಲೆಗೆ ಸೇರಿಸಬೇಕೆಂದಿದ್ದೇವೆ, ಕನ್ನಡ ಶಾಲೆ ಒಳ್ಳೆಯದೋ ತಮಿಳು ಶಾಲೆಯೋ ಎಂದು ನನ್ನನ್ನು ಕೇಳಿದರು. ನಾನು ಕಾಫಿ ಕುಡಿದೆ. ಆಗ ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಯಾರ್ಲಾ ಅದು, ನೆಂಟ್ರಾ?" ಎಂದರು.

"ನಮ್ ಕಂಪ್ನಿ ಮೇಡಂ ಕಣ್ ತಾತಾ," ಎಂದ ನಾರಾಯಣಪ್ಪ. "ನಮ್ಮೋರೇ."

ಮುದುಕರು ತಲೆಯಾಡಿಸಿ, ನನ್ನ ಊರು ಯಾವುದೆಂದು ಕೇಳಿದರು. ನಮ್ಮೋರೇ ಎಂದವನ ಮುಂದೆ ಹೊಸೂರು ಎನ್ನಲು ಬಾಯಿ ಬರಲಿಲ್ಲ, ರಾಣೆಬೆನ್ನೂರು ಎನ್ನಲೂ ಬರಲಿಲ್ಲ. ಉತ್ತರಕ್ಕೆ ಕಾದು ಅವರು ಅಲ್ಲೇ ನಿಂತಿದ್ದರು, ನಾನು ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದೆ.