ಅಡುಗೆಮನೆಯ ಒಡೆದ ಫರಶಿ

ಕೆಂಪು ಹೂವಿನ ನಾಲ್ಕು ಎಸಳುಗಳಲ್ಲಿ ಒಂದಕ್ಕೆ ತುದಿಯಿಲ್ಲ. ಉಗುರಿನಷ್ಟು ಚಕ್ಕೆ ಹಾರಿ, ಅಲ್ಲಿಂದ ಕೂದಲೆಳೆಯಂಥ ಬಿರುಕೊಂದು ಅಂಚಿನವರೆಗೆ ಹೋಗಿದೆ. ಹೂವಿನ ಚಿತ್ತಾರದ ಈ ಹಳೆಯ ಸಿಮೆಂಟಿನ ಫರಶಿಯ, ನೆಲದಿಂದ ಕಿತ್ತ ಬಿಡಿ ಬಿಲ್ಲೆಯ, ಮೇಲೆ ನಾನು ದಿನವೂ ಬಿಸಿ ಹಾಲಿನ ಪಾತ್ರೆ ಇಳಿಸುತ್ತೇನೆ. ಹೋದ ಭಾನುವಾರ ಹಾಗೆ ಇಳಿಸುತ್ತಿದ್ದಾಗಲೇ ಕಾಕೂ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು.

ಎಂ.ಎ. ಓದುವಾಗ ನಾನು ಶಹಾಪುರದಲ್ಲಿ ಬಾಡಿಗೆಗಿದ್ದ ಮನೆಯ ಒಡತಿ ಅವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶರಣರ ಮಾತು. ‘ನಮ್ಮಲ್ಲಿ ಮೈಲಿಗಿ ಅನ್ನೂದ ಇಲ್ಲವಾ’ ಎಂದು ಸೋಮವಾರಕ್ಕೊಮ್ಮೆ, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು. ನಾನು ನಂಬಿದ್ದೆ.

ಒಂದು ದಿನ ಖಾನಾಪುರದಿಂದ ಬರುತ್ತಿದ್ದ ನನ್ನ ಸಹಪಾಠಿ ಮನೆಗೆ ಬಂದಳು. ಅವಳ ತಂದೆ ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಕಾಕೂ ಅಡುಗೆಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದರು. ಗೆಳತಿ ನೆಲದ ಮೇಲೆ ಕುಳಿತು ಕಬ್ಬಿಣದ ಒನಕೆಯನ್ನು ಅವರ ಕೈಯಿಂದ ತೆಗೆದುಕೊಂಡಳು.

‘ಹಿಂಗ ಕುಟ್ಟಬೇಕ ನೋಡು. ನೀ ಅದನ್ನ ಪೆನ್ನ ಹಿಡದಂಗ ಹಿಡೀತಿ,’ ಎಂದು ಕಾಕೂ ನನ್ನನ್ನು ಹಂಗಿಸಿದರು. ಗೆಳತಿ ನಕ್ಕಳು. ಆ ನಗೆಯಲ್ಲೇ ಒನಕೆ ಜಾರಿ ಫರಶಿ ಬಿರುಕು ಬಿಟ್ಟಿತು. ಅವಳ ಮುಖ ಬಿಳಿಚಿತು.

‘ಹೋಗ್ಲಿ ಬಿಡವಾ. ನಿನ್ನ ಕಾಲ ಉಳೀತಲ್ಲ,’ ಎಂದರು ಕಾಕೂ.

ಅಲ್ಲಿಗೇ ಮುಗಿದಿದ್ದರೆ… ಆದರೆ ಅವಳು ಹೋದ ಮೇಲೆ ಕಾಕೂ ನನ್ನನ್ನು ಕೇಳಿದರು: ‘ಆಕಿದು ಅಡ್ಡಹೆಸರೇನು?’ ಹೇಳಿದೆ. ಮುಸ್ಲಿಂ ಮನೆತನದ ಹೆಸರು. ‘ಹೌದೇನು,’ ಎಂದು ಕುಟ್ಟಿದ ಹಿಂಡಿಯ ಡಬ್ಬಿಗೆ ಮುಚ್ಚಳ ಹಾಕಿದರು. ಮರುದಿನ ಆ ಡಬ್ಬಿಯ ಹಿಂಡಿಯನ್ನೆಲ್ಲ ಮಾಳಿಗೆಯಲ್ಲಿ ಬಾಡಿಗೆಗಿದ್ದ ಉದ್ಯಮಬಾಗದ ಕಾರ್ಖಾನೆ ಕೆಲಸಗಾರರಿಗೆ ಕೊಟ್ಟು, ಅದಕ್ಕೆ ದಾಸೋಹ ಎಂದು ಹೆಸರಿಟ್ಟರು.

ಮುಂದಿನ ಸೋಮವಾರ ಗಾರೆ ಕೆಲಸದ ಗೌಂಡಿ ಬಂದ. ‘ಒಂದ ಫರಶಿ ಒಡದೈತ್ರೀ ಕಾಕೂ. ಅದೊಂದ ಬದಲಿ ಮಾಡೂಣು.’

‘ಎಲ್ಲಾ ಕೀಳ್ರಿ. ಯಾರ್ಯಾರೋ ಕುಂತಾರ ಅದರ ಮ್ಯಾಲ.’

ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವರು ನಾಚಲಿಲ್ಲ. ‘ನಿನ್ನ ಗೆಳತಿಗೆ ಹೇಳು, ಒಂದ ಒಡದಿದ್ದಕ್ಕ ಎಲ್ಲಾ ಕೀಳಬೇಕಾತು ಅಂತ,’ ಎಂದರು. ನಾನು ಆ ಮಾತನ್ನು ಒಂದಕ್ಷರವೂ ಬಿಡದೆ ಗೆಳತಿಗೆ ಮುಟ್ಟಿಸಿದೆ. ಅವರು ಗೌಂಡಿಗೆ ಹೇಳಿದ್ದು ಕೇಳಿಸಿಕೊಂಡಿದ್ದ ಇನ್ನೊಂದು ಮಾತನ್ನು ಮುಟ್ಟಿಸಲಿಲ್ಲ. ಕಿತ್ತು ಹಿತ್ತಲಿಗೆ ಎಸೆದ ರಾಶಿಯಿಂದ ಬಿರುಕುಬಿಟ್ಟ ಈ ಫರಶಿಯನ್ನು ಎತ್ತಿಟ್ಟುಕೊಂಡೆ. ಅಷ್ಟೇ ನನ್ನ ಧೈರ್ಯ.

ಗೆಳತಿ ಮತ್ತೆ ಆ ಮನೆಗೆ ಬರಲಿಲ್ಲ. ತಪ್ಪಾಯಿತೆಂದು ಖಾನಾಪುರದಿಂದ ಒಂದು ಮಣ್ಣಿನ ಮಡಕೆ ಕಳಿಸಿದಳು. ಕಾಕೂ ಅದನ್ನು ಬೀದಿನಾಯಿಗೆ ನೀರಿಡಲು ಹೊರಗಿಟ್ಟರು. ಹೊಸ ನೆಲ ಬೆಳ್ಳಗೆ ಹೊಳೆಯುತ್ತಿತ್ತು, ನೀರು ಬಿದ್ದರೆ ಜಾರುತ್ತಿತ್ತು. ಅಡುಗೆಮನೆಗೆ ಯಾರ ಚಪ್ಪಲಿಯನ್ನೂ ಬಿಡದಿದ್ದ ಹೆಂಗಸು ಎರಡು ಸಲ ಬಿದ್ದು, ಆಮೇಲೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಒಲೆಯ ಮುಂದೆ ನಿಲ್ಲತೊಡಗಿದರು. ವಿಭೂತಿ ಮಾತ್ರ ಅಷ್ಟೇ ದಪ್ಪ.

ಮೊನ್ನೆಮೊನ್ನೆಯವರೆಗೂ ಗೆಳತಿ ಸಿಕ್ಕಾಗ ಕೇಳುತ್ತಿದ್ದಳು, ‘ಕಾಕೂ ಇನ್ನೂ ಸಿಟ್ಟಿನಾಗ ಅದಾರೇನ?’ ನಾನು ಮಾತು ಬದಲಿಸುತ್ತಿದ್ದೆ.

‘ಭಾಳ ದೊಡ್ಡ ಮನಸಿನವರಿದ್ರು. ನಾಳಿ ಮುಂಜಾನಿ ಮಣ್ಣಿಗೆ ಬರ್ತೀರಲ್ಲ?’ ಎಂದರು ಆ ಭಾನುವಾರ ಫೋನಿನಲ್ಲಿ ಕಾಕೂ ಮನೆಯವರು. ನಾನು ‘ಹೂಂ’ ಎಂದೆ. ಜ್ವರ ಬಂದಾಗ ಕಾಕೂ ನನಗೆ ಗಂಜಿ ಕುಡಿಸಿದ್ದರು, ಅದೂ ಸುಳ್ಳಲ್ಲ. ಅವರ ಕೈಯ ಹಿಂಡಿಯ ರುಚಿ ಹೋಯಿತು. ಆ ಮಧ್ಯಾಹ್ನದ ಗೆಳತಿಯ ನಗು ಅದಕ್ಕೂ ಮೊದಲೇ ಹೋಗಿತ್ತು…

ಮರುದಿನ ಬೆಳಿಗ್ಗೆ ನಾನು ಶಹಾಪುರಕ್ಕೆ ಹೋಗಲಿಲ್ಲ. ಫರಶಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಗೆಳತಿಯ ಅಡುಗೆಮನೆಯಲ್ಲಿ ಅದನ್ನು ನೆಲದ ಮೇಲೆ ನಮ್ಮಿಬ್ಬರ ನಡುವೆ ಇಟ್ಟು, ‘ಇದೊಂದ ನೀ ಒಡದದ್ದು ಖರೇ. ಉಳದದ್ದೆಲ್ಲಾ ಯಾಕ ಕಿತ್ತಿಸಿದ್ರು, ಹೇಳತೀನಿ ಕುಂದರು,’ ಎಂದೆ.