ದುಂಡನೆಯ ಟೇಬಲ್ಲಿಗೆ ಸಣ್ಣ ಬ್ಲೇಡು

“ಯಾರಿಗ್ ಬೇಕ್ರೀ ಮೇಡಂ? ಮಿಸ್ತ್ರಿನ್ನೇ ಕಳಸ್ರಿ, ಅವ್ರಿಗ್ ಗೊತ್ತಿರ್ತದ.”

ನಾನು ಕೇಳಿದ್ದು ಕಟ್ಟಿಗೆ ಕೊಯ್ಯುವ ಜಿಗ್‌ಸಾ ಮಷೀನಿನ ಬ್ಲೇಡು. ಮಿಸ್ತ್ರಿಗಲ್ಲ, ನನಗೇ ಬೇಕು ಎಂದೆ. ಹಾರ್ಡ್‌ವೇರ್ ಅಂಗಡಿಯಾತ ನನ್ನ ಬಿಳಿ ಕೂದಲನ್ನೊಮ್ಮೆ ನೋಡಿ, ಅಗಲವಾದದ್ದೊಂದನ್ನು ಕೌಂಟರಿನ ಮೇಲಿಟ್ಟ. “ಗಟ್ಟಿ ಅದ. ಸೀದಾ ಹೋಗ್ತದ.”

ಸೀದಾ! ನಮ್ಮ ಶಹಾಬಾದಿನಲ್ಲಿ ಎಲ್ಲವೂ ಸೀದಾ. ನೆಲದ ಕಲ್ಲು ಚೌಕ, ಕಟ್ಟೆ ಚೌಕ, ಅಡುಗೆಮನೆಯ ಕಪಾಟಿಗೂ ಚೌಕ ಕಲ್ಲೇ. ಇಂಥ ಊರಿನಲ್ಲಿ ನನಗೆ ದುಂಡನೆಯದೊಂದು ಬೇಕಾಗಿತ್ತು.

ಯಾಕೆ ಅನ್ನುತ್ತೀರಾ? ನಮ್ಮ ಊಟದ ಟೇಬಲ್ ಗೋಡೆಗೆ ಅಂಟಿಕೊಂಡಿದೆ. ಯಜಮಾನರು ಹೋದ ಮೇಲೆ ದಿನವೂ ಗೋಡೆ ನೋಡುತ್ತಾ ಉಣ್ಣುತ್ತೇನೆ. ಅದು ಮೊದಲಿಂದಲೂ ಅಲ್ಲೇ ಇತ್ತೇ, ಆಮೇಲೆ ನಾನೇ ತಳ್ಳಿದೆನೇ? ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. (ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳ ಗತಿ ಇದು!) ನೆಲದ ಮೇಲೆ ಎಳೆದ ಗೀರುಗಳಿವೆ. ಎಳೆದವರು ಯಾರೆಂದು ಗೀರು ಹೇಳುವುದಿಲ್ಲ.

ಮೇಲೊಂದು ದೊಡ್ಡ ದುಂಡು ಹಲಗೆ ಕೂರಿಸಿದರೆ ಟೇಬಲ್ ಗೋಡೆಗೆ ಒರಗಲಾರದು. ಕೋಣೆಯ ನಡುವೆ ಬರಲೇಬೇಕು. ಬಂದರೆ ಸುತ್ತ ಜನ ಕೂರಬಹುದು. ಜನ ಅಂದರೆ? ಸದ್ಯಕ್ಕೆ ಪಕ್ಕದ ಮನೆಯ ಮಹಾದೇವಿ. ಅವಳ ಗಂಡ ನೆಲಕ್ಕೆ ಫರಸಿ ಕಲ್ಲು ಕೊಯ್ದು ಹಾಸುವವನು. ಕೆಲಸಕ್ಕೆಂದು ಹೈದರಾಬಾದಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳೂ ಒಬ್ಬಳೇ ಉಣ್ಣುವವಳು.

ಪ್ಲೈವುಡ್ಡಿನ ನಡುವೆ ಮೊಳೆ ಹೊಡೆದೆ. ದಾರಕ್ಕೆ ಪೆನ್ಸಿಲ್ ಕಟ್ಟಿ ವೃತ್ತ ಎಳೆದೆ. ಮಷೀನ್ ಚಾಲೂ ಮಾಡಿದೆ. ಗೆರೆ ತಿರುಗಿತು, ಬ್ಲೇಡು ತಿರುಗಲಿಲ್ಲ. ಒತ್ತಿದೆ. ಹೊಗೆ ಬಂತು. ಸದ್ದು ಕೇಳಿ ಮಹಾದೇವಿ ಓಡಿಬಂದಳು. ಕೈಯಲ್ಲಿ ತುಂಬಿದ ತಂಬಿಗೆ!

“ಅಯ್ಯ ಅಕ್ಕೋರ, ಒಣಾನೇ ಕೊಯ್ಲಾಕತ್ತೀರಲ್ಲ! ನೀರ್ ಬಿಡಬೇಕ್ರೀ!”

ನಾನು ಪ್ಲಗ್ ಕೀಳುವುದಕ್ಕೂ ಅವಳು ನೀರು ಸುರಿಯುವುದಕ್ಕೂ ಸರಿಹೋಯಿತು.

“ಅದು ಕಲ್ಲಿಗೆ ಮಹಾದೇವಿ! ಇದು ಕಟ್ಟಿಗಿ. ಮ್ಯಾಲ ಕರೆಂಟ್ ಬ್ಯಾರೆ!”

“ಕಲ್ಲಿನ ಮಷೀನಿಗೂ ಕರೆಂಟೇ ಇರ್ತದರೀ. ನಮ್ಮನಿಯವ್ರು ಕೊಯ್ಯಾಗ ನಾನೇ ನೀರ್ ಬಿಡ್ತಿದ್ದೆ. ಒಮ್ಮೆರೆ ಬ್ಲೇಡ್ ಸುಟ್ಟಿಲ್ಲ!”

ನೀರು ಕುಡಿದು ಅಂಚು ಉಬ್ಬಿದ ಪ್ಲೈವುಡ್ಡನ್ನು ಬಿಸಿಲಿಗೆ ಹಾಕಿ, ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅಗಲವಾದ ಬ್ಲೇಡಿನ ಬೆನ್ನು ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದಂತೆ. ವೃತ್ತಕ್ಕೆ ಅಗಲ ಕಡಿಮೆಯದೇ ಬೇಕು, ಆಗ ತಿರುಗಲು ಜಾಗ ಸಿಗುತ್ತದೆ. ಹಲ್ಲು ಒತ್ತಾಗಿದ್ದರೆ ಅಂಚಿನಲ್ಲಿ ಸಿಬಿರೇಳುವುದಿಲ್ಲ. ಒತ್ತಬಾರದು, ಅದು ಹೋದಷ್ಟೇ ಹೋಗಗೊಡಬೇಕು. (ಇಲ್ಲೊಂದು ಜೀವನಪಾಠ ಬರೆಯಲು ಹೊರಟಿದ್ದೆ. ಬಿಟ್ಟೆ.)

ಮತ್ತೆ ಅಂಗಡಿಗೆ ಹೋಗಿ ಸಣ್ಣದನ್ನು ತಂದೆ. ಉಬ್ಬಿದ ಅಂಚು ಬಿಟ್ಟು, ಒಳಗೆ ಇನ್ನೊಂದು ವೃತ್ತ ಎಳೆದು ಕೊಯ್ದೆ. ನನ್ನ ಕೈಗೇ ನಂಬಿಕೆಯಾಗದಷ್ಟು ದುಂಡಗೆ ಬಂತು. ಹಲಗೆ ಮೇಲೆ ಕೂತಿತು, ಟೇಬಲ್ ಕೋಣೆಯ ನಡುವೆ ಬಂತು. ಎದುರು ಬದುರು ಕುರ್ಚಿ ಹಾಕಿ, ಪುಂಡಿ ಪಲ್ಯ ಮಾಡಿ, ಮಹಾದೇವಿಯನ್ನು ಊಟಕ್ಕೆ ಕರೆದೆ. ಅವಳು ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದಳು. ಅಂಚಿನ ಮೇಲೆ ಸುತ್ತಲೂ ಕೈಯಾಡಿಸಿದಳು.

“ಭಾಳ ಛಂದ ಆಗ್ಯಾದ್ರೀ ಅಕ್ಕೋರ!”

ಹಾಗೆಂದು ತನ್ನ ತಾಟು ಎತ್ತಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.

“ಮ್ಯಾಲೆ ಕುಂದ್ರ, ಮಹಾದೇವಿ.”

“ಕಾಲ್ ಇಳಿಬಿಟ್ಟು ಉಂಡ್ರ ನನಗ ಹೊಟ್ಟಿ ತುಂಬಂಗಿಲ್ರೀ. ನೀವ್ ಅಲ್ಲೇ ಕುಂದ್ರಿ, ನಿಮಗ ಮೊಣಕಾಲ್ ನೋವು.”

ನೆಲಕ್ಕೆ ಇಳಿಯಲು ನನಗಾಗದು, ಮೇಲೆ ಕೂರಲು ಅವಳಿಗಾಗದು. ಅವಳು ಕೆಳಗಿನಿಂದ ಮಾತಾಡುತ್ತಲೇ ಇದ್ದಳು. ಬಗ್ಗಿದರೆ ಅವಳ ಬೈತಲೆ ಕಾಣುತ್ತಿತ್ತು. ತಲೆ ಎತ್ತಿದರೆ ಎದುರಿನ ಕುರ್ಚಿ ಖಾಲಿ.

ನೀವೇ ಹೇಳಿ, ಆ ದಿನ ನಾನು ಯಾರ ಜೊತೆಗಾದರೂ ಉಂಡೆನೇ?